ಮಲ್ಲಿಗೆಗೆ ಕತ್ತರಿ

ಕೆಲವರಿಗೆ ರಕ್ತ ಕಂಡರೆ ತಲೆ ತಿರುಗುತ್ತದೆ. ನನಗೆ ಹಸಿರು ಟೊಂಗೆ ಕತ್ತರಿಸುವುದನ್ನು ಕಂಡರೂ ಸಾಕು. ರಾಯಚೂರಿನ ಬಿಸಿಲಿನಲ್ಲಿ ಒಂದು ಎಲೆ ಹುಟ್ಟುವುದೇ ದೊಡ್ಡ ಮಾತು. ಹುಟ್ಟಿದ್ದನ್ನು ಕೈಯಾರೆ ತೆಗೆಯುವುದೆಂದರೇನು? ಹೀಗಾಗಿ ನಮ್ಮ ಹಿತ್ತಲಿನ ದುಂಡುಮಲ್ಲಿಗೆ ಎಮ್ಮೆಯಂತೆ ಕೊಬ್ಬಿ ಬಾವಿಕಟ್ಟೆಯವರೆಗೆ ಮೈಚಾಚಿತ್ತು. ಹೂವು ಮಾತ್ರ ಇಲ್ಲ. ಕಚೇರಿಯಿಂದ ಬಂದವನೇ ನಾನು ರುಮಾಲು ತೆಗೆದಿಟ್ಟು ಅದಕ್ಕೆ ಕೊಡಗಟ್ಟಲೆ ನೀರು ಹಾಕುತ್ತಿದ್ದೆ. ನನ್ನ ಹೆಂಡತಿ ಗೌರಮ್ಮ ಪೇಟೆಯಿಂದ ಮೊಳ ಹೂವು ತರಿಸಿ, ಆ ಗಿಡದ ಎದುರಿಗೇ ನಿಂತು ಮುಡಿಯುತ್ತಿದ್ದಳು. ಗಿಡಕ್ಕೆ ನಾಚಿಕೆಯಾಗಲೆಂದೋ ನನಗಾಗಲೆಂದೋ, ಕೇಳುವ ಧೈರ್ಯ ನನಗಿರಲಿಲ್ಲ.

ಯುದ್ಧ ನಡೆದಿದ್ದ ಆ ವರ್ಷಗಳಲ್ಲಿ ನನ್ನ ಅಕ್ಕ ನೀಲಕ್ಕ ಮಾನ್ವಿ ಕಡೆಯ ಕುರ್ಡಿಯಿಂದ ನಮ್ಮಲ್ಲಿಗೇ ಇರಲು ಬಂದಳು. ಭಾವ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಹಣೆಯ ಮೇಲೆ ವಿಭೂತಿ, ಬರಿಗೈ. ಬಂದ ಮರುದಿನವೇ ಗಿಡವನ್ನೊಮ್ಮೆ ಸುತ್ತಿ ನೋಡಿದಳು.

"ತಮ್ಮಾ, ಇದಕ ಹೊಟ್ಟಿ ತುಂಬಿ ಸೊಕ್ಕು ಬಂದದ. ಹಿಂಗಾದ್ರ ಹೂವ ಬಿಡೂದಿಲ್ಲ. ಚಳಿಗಾಲದಾಗ ನೀರು ನಿಲ್ಲಿಸಿ ಸವರಬೇಕು."

"ಅಕ್ಕಾ, ಅದಕೂ ಜೀವ ಅದ," ಎಂದೆ.

"ನನಗೂ ಗೊತ್ತದ," ಎಂದಳು.

ಪುಷ್ಯ ಮಾಸದಲ್ಲಿ ಕಚೇರಿ ಕೆಲಸಕ್ಕೆ ದೇವದುರ್ಗಕ್ಕೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಗಿಡವಿದ್ದಲ್ಲಿ ಮೊಣಕಾಲೆತ್ತರದ ಕೋಲುಗಳು. ಎಲೆಗಳನ್ನೂ ಬಿಟ್ಟಿರಲಿಲ್ಲ, ಬುಡದ ಮಣ್ಣನ್ನು ಅಗೆದು ಅಕ್ಕ ಬಿಸಿಲಿಗೆ ಬಿಟ್ಟಿದ್ದಳು. ನನಗೆ ಊಟ ಬೇಡವೆಂದೆ. ಅಂದು ಎಣ್ಣೆಗಾಯಿ ಪಲ್ಯವಿದ್ದುದರಿಂದ ಆ ಶೋಕ ಬಹಳ ಹೊತ್ತು ನಿಲ್ಲಲಿಲ್ಲ.

ಕೆಲದಿನ ಬಿಟ್ಟು ಅಕ್ಕ ಗೊಬ್ಬರ ಹಾಕಿ ನೀರು ಕಟ್ಟಿದಳು. ಚಿಗುರು ಬಂತು, ಚಿಗುರಿನ ತುದಿಗೆಲ್ಲ ಮೊಗ್ಗು ಬಂತು. ಯುಗಾದಿಯ ಹೊತ್ತಿಗೆ ಓಣಿಯ ಹೆಂಗಸರಿಗೆಲ್ಲ ನಮ್ಮ ಹಿತ್ತಲೇ ಹೂವಿನ ಅಂಗಡಿ. ಸಂಜೆ ಅಕ್ಕ ಮಾಲೆ ಕಟ್ಟಿ ಮನೆಮನೆಗೆ ಕಳಿಸುತ್ತಿದ್ದಳು. ತನಗೆಂದು ಒಂದೇ ಹೂವು, ಅದೂ ಅಂಗೈಯ ಲಿಂಗದ ಮೇಲಿಡಲಿಕ್ಕೆ.

ಒಮ್ಮೆ ಗೌರಮ್ಮ ತಡೆಯಲಾರದೆ, "ಅಕ್ಕಾರ, ಒಂದ ಹೂವ ನೀವೂ ಮುಡಕೋರಿ. ಹಿತ್ತಲದಾಗ ಯಾರು ನೋಡ್ತಾರ?" ಎಂದಳು.

"ನಾನ ನೋಡ್ತೀನಲ್ಲವ್ವಾ," ಎಂದು ಅಕ್ಕ ದಾರ ಬಿಗಿದಳು. ಗೌರಮ್ಮ ಅಂದು ತನ್ನ ಪಾಲಿನದನ್ನೂ ಮುಡಿಯಲಿಲ್ಲ. ಅದಕ್ಕೂ ಅಕ್ಕನಿಂದ ಬೈಸಿಕೊಂಡಳು.

ಹೀಗೆ ಕೆಲವು ವರ್ಷ ಕಳೆದವು. ಒಂದು ಪುಷ್ಯದಲ್ಲಿ ಗಿಡ ಸವರಿ ಕೈ ತೊಳೆದುಕೊಂಡ ಅಕ್ಕ ಚಳಿಯೆಂದು ಮಲಗಿದಳು. ಜ್ವರ ಇಳಿಯಲಿಲ್ಲ. ನಾಲ್ಕಾರು ದಿನದಲ್ಲಿ ಹೋಗಿಬಿಟ್ಟಳು.

ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿ ಹೂವಿನಿಂದ ಸಿಂಗರಿಸುತ್ತಾರೆ. ಅಂದು ವಿಧವೆ ಎಂದು ಯಾರೂ ಅಡ್ಡ ಬರಲಿಲ್ಲ. ಓಣಿಯ ಹೆಂಗಸರು ಬಂದು, "ಮಲ್ಲಿಗಿ ಇಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ಹಿತ್ತಲಲ್ಲಿ ಇದ್ದದ್ದು ಅವಳೇ ಕತ್ತರಿಸಿಟ್ಟ ಕೋಲುಗಳು. ಪೇಟೆಯಲ್ಲಿ ಚೆಂಡುಹೂವು ಮಾತ್ರ ಸಿಕ್ಕಿತು, ಅದನ್ನೇ ಹಾಕಿದೆವು. ಒಂದು ವರ್ಷ, ಒಂದೇ ವರ್ಷ, ಅವಳು ಸವರುವುದನ್ನು ಮರೆತಿದ್ದರೆ ಎಂದು ನನಗೆ ಅನಿಸಿತು. ಮರೆತಿದ್ದರೂ ಹೂವು ಇರುತ್ತಿರಲಿಲ್ಲ. ಅಳುವವನಿಗೆ ತೋಟಗಾರಿಕೆ ಎಲ್ಲಿ ನೆನಪಿರುತ್ತದೆ?

ಬೇಸಿಗೆಯಲ್ಲಿ ಗಿಡ ಎಂದಿಲ್ಲದಂತೆ ಹೂಬಿಟ್ಟಿತು. ಗೌರಮ್ಮ ಮೊದಲ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನೊಂದಿಗೆ ಅಕ್ಕನ ಸಮಾಧಿಗೆ ಬಂದಳು. ಮಣ್ಣಿನ ಮೇಲಿಟ್ಟು, ಜಡೆಯ ಮೇಲೆ ಹೊಂದಿಸುವ ಹಾಗೆ ಅದನ್ನು ಆಚೀಚೆ ಸರಿಸಿ, "ಈಗ ಮುಡಕೋರಿ, ಅಕ್ಕಾರ," ಎಂದಳು. ನಾನು ದೂರದ ಬೇವಿನ ಮರ ನೋಡುತ್ತ ನಿಂತೆ.

ಮುಂದಿನ ಚಳಿಗಾಲದಲ್ಲಿ ಕತ್ತರಿ ನನ್ನ ಕೈಗೆ ಬಂತು. ಸಾಣೆ ಹಿಡಿಸಿದೆ, ತೋಳು ಮಡಚಿದೆ, ಬೆಳಗಿನಿಂದ ಮಧ್ಯಾಹ್ನದವರೆಗೆ ದುಡಿದೆ. ಗೌರಮ್ಮ ಬಂದು ನೋಡಿ, "ಇದು ಸವರೂದಲ್ರಿ, ಗಿಡಕ್ಕ ಕಚಗುಳಿ ಇಡೂದು. ಕತ್ರಿ ಇಲ್ಲಿ ಕೊಡ್ರಿ," ಎಂದಳು. ಅವಳು ಅಕ್ಕನಂತೆಯೇ ಕಡಿದಳು. ನಾನು ಬಿದ್ದ ಟೊಂಗೆಗಳನ್ನು ಆಯ್ದೆ. ಅವುಗಳಲ್ಲೊಂದನ್ನು ಅವಳಿಗೆ ಕಾಣದಂತೆ ಬಚ್ಚಲ ನೀರು ಹರಿಯುವಲ್ಲಿ ಊರಿದೆ.

ಅದು ಈಗ ನನಗಿಂತ ಎತ್ತರ ಬೆಳೆದಿದೆ. ಅದಕ್ಕೆ ಕತ್ತರಿ ಮುಟ್ಟಿಸಲು ನಾನು ಯಾರಿಗೂ ಬಿಟ್ಟಿಲ್ಲ. ಮನೆಗೆ ಬಂದವರು ಅದನ್ನು ನೋಡಿ, "ಎಲಿ ಭಾಳ ಚಲೋ ಅವ. ಇದು ಯಾವ ಗಿಡಾರಿ?" ಎಂದು ಕೇಳುತ್ತಾರೆ. ಮಲ್ಲಿಗೆ ಎಂದರೆ, ಪಾಪ, ಎಲೆ ಸರಿಸಿ ಹೂವು ಹುಡುಕುತ್ತಾರೆ.