ಗ್ಲೋವ್ ಬಾಕ್ಸಿನ ಪಿಸ್ತೂಲುಗಳು

ಶೋರ್‌ಲೈನ್ ಊರಿನ ಒಂದು ಕಾರ್ ಗ್ಯಾರೇಜಿನ ಕೌಂಟರಿನಲ್ಲಿ ಕೂತು ಗಿರಾಕಿಗಳಿಂದ ಕೀ ಇಸ್ಕೊಳ್ಳುವುದು ನನ್ನ ಕೆಲಸ. ಪರವಾನಗಿ ಇದ್ದವರು ಇಲ್ಲಿ ಗುಂಡು ತುಂಬಿದ ಪಿಸ್ತೂಲನ್ನು ಕಾರಿನಲ್ಲಿ ಒಯ್ಯಬಹುದು. ಇಳಿದು ಹೋಗುವಾಗ ಮಾತ್ರ ಯಾರ ಕಣ್ಣಿಗೂ ಬೀಳದಂತೆ ಇಟ್ಟು ಕಾರಿಗೆ ಬೀಗ ಹಾಕಬೇಕು. ಜನ ಬಚ್ಚಿಡುತ್ತಾರೆ. ಆಮೇಲೆ ಮರೆಯುತ್ತಾರೆ. ಮರೆತದ್ದು ನಮ್ಮ ಪಾಲಿಗೆ ಬರುತ್ತದೆ.

ಫಿಲ್ಟರ್ ಬದಲಾಯಿಸುವಾಗ

ಕೆಲವು ಕಾರುಗಳಲ್ಲಿ ಎ.ಸಿ. ಫಿಲ್ಟರ್ ಇರುವುದು ಮುಂದಿನ ಸೀಟಿನೆದುರಿನ ಗ್ಲೋವ್ ಬಾಕ್ಸಿನ ಹಿಂದೆ. ಅದನ್ನು ಬಿಚ್ಚಲು ಹೋದ ನಮ್ಮ ಮೆಕ್ಯಾನಿಕ್ ಒಂದು ದಿನ ಎರಡೂ ಕೈ ಮೇಲೆತ್ತಿಕೊಂಡು ಹಿಂದೆ ಹಿಂದೆ ನಡೆದು ಬಂದ. ಒಳಗೆ ಗುಂಡು ತುಂಬಿದ ಪಿಸ್ತೂಲು. ನಮ್ಮಲ್ಲಿ ಯಾರ ಹತ್ತಿರವೂ ಪರವಾನಗಿ ಇಲ್ಲ. ಮುಟ್ಟುವ ಧೈರ್ಯವಿಲ್ಲದೆ ಎಲ್ಲರೂ ಹೋಗಿ ಮಳೆಯಲ್ಲಿ ನಿಂತೆವು. ಕಾರು ಒಬ್ಬರು ಅಜ್ಜಿಯದು. ನಾನೇ ಕಾಲ್ ಮಾಡಿದೆ.

"ಮೇಡಂ, ನಿಮ್ಮ ಗ್ಲೋವ್ ಬಾಕ್ಸಿನಲ್ಲಿ ಪಿಸ್ತೂಲು ಸಿಕ್ಕಿದೆ."

"ಅದು ಅಲ್ಲೇ ಇರುತ್ತೆ ಬಿಡಮ್ಮ. ಪಕ್ಕದಲ್ಲಿ ನನ್ನ ಹಲ್ಲಿನ ಸೆಟ್ ಇದೆಯಾ ನೋಡು. ಭಾನುವಾರದಿಂದ ಬರೀ ಸೂಪ್ ಕುಡೀತಿದೀನಿ."

ಮಂಡಿ ನೋವು

ಇನ್ನೊಬ್ಬರು ಪಕ್ಕದೂರು ಕೆನ್ಮೋರಿನ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಆಯಿಲ್ ಬದಲಾಯಿಸಲು ಬಂದಿದ್ದರು. ಕೀ ಕೊಡುವ ಮೊದಲೇ, "ಸೀಟಿನ ಕೆಳಗೆ ಪೆಟ್ಟಿಗೆಯಲ್ಲಿ ಪಿಸ್ತೂಲಿದೆ" ಎಂದರು.

"ಮನೆಯಲ್ಲೇ ಬಿಟ್ಟು ಬರಬಹುದಿತ್ತಲ್ಲ, ಸರ್?"

"ಮನೇಲಿ ನಾನೊಬ್ಬನೇ. ಅದನ್ನ ಹತ್ತಿರ ಇಟ್ಕೊಳ್ಳೋಕೆ ಧೈರ್ಯ ಇಲ್ಲ."

ಅರ್ಥವಾಗಿ ಪೆನ್ನು ಕೆಳಗಿಟ್ಟೆ. "ಕಾರೂ ಹತ್ತಿರವೇ ಅಲ್ಲವಾ?" ಎಂದೆ.

"ಮಧ್ಯೆ ಮೆಟ್ಟಿಲಿದೆಯಮ್ಮ. ಇಳಿಯೋಷ್ಟರಲ್ಲಿ ಮಂಡಿ ಎಷ್ಟು ನೋಯುತ್ತೆ ಅಂದ್ರೆ, ಬೇರೆ ದುಃಖವೆಲ್ಲ ಮರೆತೇ ಹೋಗುತ್ತೆ."

ಅಲ್ಲೇ ಕೂರಿಸಿ, ಕಾಫಿ ಕೊಟ್ಟು, ಅವರಿಂದಲೇ ಮಗಳಿಗೆ ಕಾಲ್ ಮಾಡಿಸಿದೆ. ಆಕೆ ಓಡಿ ಬಂದು ಅಪ್ಪನನ್ನು ತಬ್ಬಿಕೊಂಡು ಅತ್ತಳು. ತಾನೇ ಗುಂಡು ತೆಗೆದು, ಪೆಟ್ಟಿಗೆಯನ್ನು ತನ್ನ ಜೊತೆ ಒಯ್ದಳು. ಮುದುಕರು ಕಾಫಿ ಮುಗಿಸಿ ಹೇಳಿದರು:

"ಇನ್ನು ಮಂಡಿ ಆಪರೇಷನ್ ಮಾಡಿಸ್ಕೋಬಹುದು."

ಅಣ್ಣನ ಕಾವಲು

ನಮ್ಮಣ್ಣ ಇರುವುದು ರೆಂಟನ್‌ನಲ್ಲಿ. ಅವನ ಕಾರಿನ ಗಾಜು ಒಡೆದು ಯಾರೋ ಲ್ಯಾಪ್‌ಟಾಪ್ ಕದ್ದರು. ಸಿಟ್ಟಿಗೆ ಪರವಾನಗಿ ಮಾಡಿಸಿ ಪಿಸ್ತೂಲು ತಂದು ಕಾರಿನಲ್ಲಿಟ್ಟ.

"ಇದೆಲ್ಲ ಎಂತಕ್ಕೆ ಮಾರಾಯ?" ಎಂದೆ.

"ಕಳ್ಳರಿಗೆ ಸ್ವಲ್ಪ ಹೆದರಿಕೆ ಬೇಡವಾ?" ಎಂದ.

ಹೆದರದ ಒಬ್ಬ ಕಳ್ಳ ಬಂದು, ಮತ್ತೆ ಗಾಜು ಒಡೆದು, ಈ ಸಲ ಪಿಸ್ತೂಲನ್ನೇ ಒಯ್ದ.

ಅಣ್ಣ ಪೊಲೀಸರಿಗೆ ದೂರು ಕೊಟ್ಟ. ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ಎಲ್ಲಿ ಗುಂಡು ಹಾರಿದ ಸುದ್ದಿ ಬಂದರೂ, "ನನ್ನದೇ ಇರಬಹುದಾ?" ಎಂದು ಊಟ ಬಿಟ್ಟು ಏಳುತ್ತಿದ್ದ. ಸೊರಗಿ ಕಡ್ಡಿಯಾದ. ಅತ್ತಿಗೆ ಮನೆಯಲ್ಲಿ ಟಿ.ವಿ. ಹಾಕುವುದನ್ನೇ ನಿಲ್ಲಿಸಿದರು.

ಕೊನೆಗೊಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಪೊಲೀಸರ ಕಾಲ್ ಬಂತು. ಅಣ್ಣ ಸ್ಪೀಕರಿಗೆ ಹಾಕಿದ.

"ನಿಮ್ಮ ಪಿಸ್ತೂಲು ಕದ್ದವನು ಸಿಕ್ಕಿದ್ದಾನೆ."

"ಯಾರಿಗಾದರೂ ಏನಾದರೂ ಮಾಡಿದನಾ?"

"ಇಲ್ಲ."

ಅಣ್ಣ ಕುರ್ಚಿಯ ಮೇಲೆ ಕುಸಿದ. ಅತ್ತಿಗೆ ದೇವರಿಗೆ ಕೈ ಮುಗಿದರು.

"ಹಾಗಾದರೆ ಪಿಸ್ತೂಲು ಎಲ್ಲಿದೆ?"

ಪೊಲೀಸ್ ಒಮ್ಮೆ ಕೆಮ್ಮಿದ. "ಗೊತ್ತಿಲ್ಲ. ಅವನೂ ಕಾರಿನಲ್ಲೇ ಇಟ್ಟಿದ್ದನಂತೆ. ಯಾರೋ ಗಾಜು ಒಡೆದು ಕದ್ದಿದ್ದಾರೆ."