ಬ್ಯಾರನ್ ಮುಂದೆ ಮಂತ್ರಿ ಬಲಿ

ಕಳೆದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೇಯಿಸುವ ಮನೆಯ, ಅಂದರೆ ಒಂದು ಬ್ಯಾರನ್ನಿನ, ಮುಂದೆ ಕುಳಿತು, ನಾನು ನನ್ನ ಚದುರಂಗದ ಮಂತ್ರಿಯನ್ನು ಬಲಿಕೊಟ್ಟೆ. ಯಾರ ಬಲವಂತವೂ ಇರಲಿಲ್ಲ.

ಹುಣಸೂರಿನಿಂದ ಪತ್ರಿಕೆಗೆ ವರದಿ ಬರೆಯುವವನಿಗೆ ಹಿನ್ನೆಲೆ ಕೊಡದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಬ್ಯಾರನ್ ನನ್ನ ಹೆಂಡತಿಯ ಅಣ್ಣ ಜವರಪ್ಪನವರದು. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಮದುವೆಯಾದ ವರ್ಷದಿಂದ, ಸೊಪ್ಪು ಬೇಯುವ ಕಾಲದ ಭಾನುವಾರಗಳೆಲ್ಲ ಅಲ್ಲೇ. ಶಾಖ ಇಳಿಯದಂತೆ ಒಲೆ ಕಾಯಬೇಕು, ಕಾಯುವವರಿಗೆ ಹೊತ್ತೂ ಹೋಗಬೇಕು. ಅದಕ್ಕೇ ಚದುರಂಗ. ಅಲ್ಲಿಯ ಕಾನೂನು ಒಂದೇ: ಮಂತ್ರಿ ಹೋದವನು ಸೋತ ಹಾಗೆ, ಎದ್ದು ಒಲೆಗೆ ಸೌದೆ ತಳ್ಳಬೇಕು. ರಾಜ ಸಾಯುವ ತನಕ ಕಾಯಲು ಒಲೆಗೆ ಪುರುಸೊತ್ತಿಲ್ಲ. ಹೀಗಾಗಿ ಇಬ್ಬರೂ ಮಂತ್ರಿಯನ್ನು ಬಾಣಂತಿಯ ಕೂಸಿನಂತೆ ಕಾಯುತ್ತಿದ್ದೆವು. ಆದರೂ ಸೌದೆ ತಳ್ಳುತ್ತಿದ್ದವನು ನಾನೇ. ಬೇಯುವ ಸೊಪ್ಪಿನ ಘಾಟು, ಅತ್ತಿಗೆ ತಂದಿಡುತ್ತಿದ್ದ ಬಿಸಿ ಕಡಲೆಕಾಯಿ, ಭಾವನ "ಏಳಿ ಭಾವ, ಒಲೆ ಕರೀತೈತೆ" ಎಂಬ ಮಾತು ಮೂರೂ ನನ್ನ ನೆನಪಿನಲ್ಲಿ ಒಟ್ಟಿಗೇ ಇವೆ.

ಈ ಸಲ ಅವರು ಫೋನಿನಲ್ಲಿ, "ಈ ಭಾನ್ವಾರ ಬೇಯೋದೇ ಕೊನೇ ಬ್ಯಾರನ್ನು. ಬರೋ ವರ್ಸ ಹೊಗೆಸೊಪ್ಪು ಬಿಟ್ಟು ಶುಂಠಿ ಆಕ್ತೀನಿ" ಎಂದರು. ಅಂದರೆ ಒಮ್ಮೆಯಾದರೂ ಅವರ ಕೈಗೆ ಸೌದೆ ಹಿಡಿಸಲು ನನಗೆ ಉಳಿದದ್ದು ಆ ಒಂದು ಭಾನುವಾರ.

ಅದೇ ವಾರ ಮೊಬೈಲಿನಲ್ಲಿ ಒಂದು ಚದುರಂಗದ ಸಮಸ್ಯೆ ಬಂತು: ಬಿಳಿ ಎರಡು ನಡೆಯಲ್ಲಿ ಗೆಲ್ಲಬೇಕು. ಮೂರು ದಿನ ಮಂತ್ರಿಯನ್ನು ಉಳಿಸುವ ದಾರಿಗಳನ್ನೇ ಹುಡುಕಿದೆ. ಸಿಗದೆ, ಉತ್ತರ ನೋಡಿದೆ. ಇದನ್ನು ಮುಚ್ಚಿಟ್ಟರೆ ವರದಿ ಅಪೂರ್ಣವಾಗುತ್ತದೆ.

ಭಾನುವಾರ ಅದೇ ಕಾಯಿಗಳನ್ನು ಹಲಗೆಯ ಮೇಲೆ ಜೋಡಿಸಿ, ಕಪ್ಪನ್ನು ಭಾವನಿಗೆ ಕೊಟ್ಟು, "ಎರಡೇ ನಡೆಯಲ್ಲಿ ಗೆದ್ದರೆ ಇವತ್ತು ಸೌದೆ ನಿಮ್ಮದು" ಎಂದೆ.

"ಗೆದ್ರಲ್ವಾ! ಆಡಿ, ಆಡಿ."

ಮೂಲೆಯಲ್ಲಿದ್ದ ಅವರ ರಾಜನ ಮಗ್ಗುಲಿಗೇ ನನ್ನ ಮಂತ್ರಿಯನ್ನಿಟ್ಟೆ. ನನ್ನ ಕುದುರೆಯ ಕಾವಲಿತ್ತು, ರಾಜ ಮುಟ್ಟುವಂತಿರಲಿಲ್ಲ. ಭಾವ ಆನೆಯಿಂದ ಹೊಡೆದು, ಮಂತ್ರಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ಪೇಪರ್ನೋರ ತಲೆ ಇಷ್ಟೇಯಾ? ಏಳಿ ಭಾವ."

ನಾನು ಕುದುರೆ ಜಿಗಿಸಿ ಚೆಕ್ ಕೊಟ್ಟೆ. ರಾಜನ ಮುಂದೆ ಅವನದೇ ಕಾಲಾಳುಗಳು, ಪಕ್ಕದಲ್ಲಿ ಈಗಷ್ಟೇ ಬಂದ ಅವನದೇ ಆನೆ. ಕದಲಲು ಜಾಗವಿಲ್ಲ.

ಭಾವ ಬೀಡಿ ಹಚ್ಚುವುದನ್ನು ಮರೆತು ನೋಡಿದರು. "ಅಯ್ ಶಿವನೇ! ನನ್ ಆನೇನೇ ನನ್ ರಾಜನ್ ಬಾಗ್ಲಿಗೆ ಅಡ್ಡ ಕೂತದಲ್ಲ! ಇಷ್ಟ್ ವರ್ಸ ಮಂತ್ರಿ ಕಾದ್ಕಂಡು ಏನ್ ಮಾಡ್ತಿದ್ವಿ ಭಾವ ನಾವು?"

"ಹಾಗಾದರೆ ಸೌದೆ?"

ಅವರು ಜೇಬಿನಿಂದ ನನ್ನ ಮಂತ್ರಿಯನ್ನು ತೆಗೆದು ತೋರಿಸಿದರು. "ಚೆಂದಾಗೈತೆ. ಆದ್ರೆ ಇದು ಯಾರ್ದು? ಕಾನೂನು ಕಾನೂನೇ ಕಣ್ರೀ."

ಹನ್ನೊಂದು ಗಂಟೆಗೆ ನಾನು ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದೆ. ಭಾವ ಹಲಗೆಯ ಮುಂದೆ ಒಬ್ಬರೇ ಕುಳಿತು, ಕಾಯಿಗಳನ್ನು ಮೊದಲಿದ್ದಂತೆ ಜೋಡಿಸಿ, ಮಂತ್ರಿಯನ್ನು ರಾಜನ ಮಗ್ಗುಲಿಗೆ ಇಟ್ಟು ನೋಡುತ್ತಿದ್ದರು.