ಎರಡೇ ಸೀಟಿನ ಗಾಡಿ

ಕುಕ್ಕುಂದೂರಿನ ಶೇಖರನ ಕಷ್ಟಕ್ಕೆಲ್ಲ ಕಾರಣ ಅವನ ವ್ಯಾನಿಗೆ ಎಂಟು ಸೀಟಿದ್ದದ್ದು. ಒಳಗೆ ಮಡಚುವ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್ ಎಲ್ಲ ಕೂರಿಸಿ, ಹೆಂಡತಿಯೊಡನೆ ಊರೂರು ತಿರುಗಿ ಅದರಲ್ಲೇ ಮಲಗಬೇಕೆಂದು ಆಸೆಪಟ್ಟು ಮಾಡಿಸಿದ ಗಾಡಿ. ತಿರುಗಿದವರು ಮಾತ್ರ ನೆರೆಕರೆಯವರು. ಯಾರಾದರೂ ಆಸ್ಪತ್ರೆ ಸೇರಿದರೆಂದರೆ ಸಾಕು, ಬ್ರೆಡ್ಡು, ಎಳನೀರು ಹಿಡಿದುಕೊಂಡು "ನೋಡಿಕೊಂಡು ಬರುವ" ಎಂದು ಎಲ್ಲರೂ ಹತ್ತಿ ಕೂರುತ್ತಿದ್ದರು.

ಈಗ ಗಾಡಿಗೆ ವಯಸ್ಸಾಗಿತ್ತು. ಮಂಚ ಮಡಚಿದರೆ ಬಿಚ್ಚುವುದಿಲ್ಲ. ಮೂರನೇ ಗೇರು ಶೇಖರನ ಕೈಗಲ್ಲದೆ ಇನ್ಯಾರ ಕೈಗೂ ಬೀಳುವುದಿಲ್ಲ. ರಿಪೇರಿ ಮಾಡಿಸುವುದೋ, ಕೊಟ್ಟು ಬೇರೆ ತೆಗೆಯುವುದೋ ಎಂದು ಅವನು ತಲೆ ಕೆಡಿಸಿಕೊಂಡಿದ್ದಾಗ ಹೆಂಡತಿ ಗುಣವತಿಯೇ ತೀರ್ಮಾನಕ್ಕೆ ತಂದಳು.

"ಮದುವೆಯಾಗಿ ಮೂವತ್ತು ವರ್ಷ. ನಾವಿಬ್ಬರೇ ಒಂದು ರಾತ್ರಿ ಎಲ್ಲಿಗಾದರೂ ಹೋದದ್ದುಂಟಾ? ಇವತ್ತು ಕಾಪು ಕಡಲ ಬದಿಯಲ್ಲಿ ಮಲಗದಿದ್ದರೆ ನಾಳೆ ನಾನು ಅಕ್ಕನ ಮನೆಗೆ. ನೀವು ನಿಮ್ಮ ಗಾಡಿಯೊಟ್ಟಿಗೆ ಇರಿ!"

ಶೇಖರನಿಗೆ ಥಟ್ಟನೆ ನೆನಪಾಯಿತು. ಮಣಿಪಾಲದ ಬ್ರೋಕರನ ಹತ್ತಿರ ಚಿಕ್ಕದೊಂದು ಗಾಡಿ ಬಂದಿತ್ತು. ಹಿಂದೆ ಮಂಚ, ಒಲೆ. ಮುಂದೆ ಎರಡೇ ಸೀಟು. ಎರಡೇ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ಗುಣವತಿಯನ್ನು ಕೂರಿಸಿಕೊಂಡು ಗೇಟು ದಾಟುವ ಮೊದಲೇ ಪಕ್ಕದ ಮನೆಯ ವಿಠಲ ಅಡ್ಡ ನಿಂತ. "ಶೇಖರಣ್ಣ, ಮಣಿಪಾಲಕ್ಕಂತೆ? ನನ್ನ ಭಾವನಿಗೆ ಹರ್ನಿಯ ಆಪರೇಶನ್ ಆಗಿದೆ ಅಲ್ವಾ, ಮುಖ ತೋರಿಸಿ ಬರ್ತೇನೆ." ಉತ್ತರ ಕೊಡುವಷ್ಟರಲ್ಲಿ ಅವನು ಒಳಗಿದ್ದ. ಹಿಂದಿನಿಂದ ಎದುರು ಮನೆಯ ಬೆಂಜಮಿನ್ ಮತ್ತು ಅವನ ಹೆಂಡತಿ ಝೀಟಾ ಮೂಸಂಬಿಯ ಚೀಲ ಸಮೇತ ಹತ್ತಿದರು.

ಪರ್ಕಳದ ಏರು ಬರುವವರೆಗೂ ಸಲಹೆಗಳ ಮಳೆ.

"ಕೊಡಬೇಡಿ ಮಾರಾಯ್ರೆ," ಎಂದ ಬೆಂಜಮಿನ್. "ಒಂದು ಫ್ರಿಜ್ಜು ಇಡಿಸಿ, ಮೇಲೊಂದು ಎಸಿ ಹಾಕಿಸಿ. ನಮಗೂ ತಂಪು."

"ಮಂಚ ತೆಗೆದು ಇನ್ನೆರಡು ಸೀಟು ಹಾಕಿಸಿ," ಎಂದ ವಿಠಲ.

"ಎಂತ ಹಳೆಯದ್ದಕ್ಕೆ ತೇಪೆ? ಹನ್ನೆರಡು ಸೀಟಿನದ್ದು ತಗೊಳ್ಳಿ," ಎಂದಳು ಝೀಟಾ.

ಶೇಖರ ಹಲ್ಲು ಕಚ್ಚಿಕೊಂಡು ಮೂರನೇ ಗೇರು ಹಾಕಿದ.

ಆಸ್ಪತ್ರೆಯಲ್ಲಿ ಭಾವನನ್ನು ನೋಡಿ ಬಂದು, ಬ್ರೋಕರನ ಹತ್ತಿರ ಎಲ್ಲರೂ ಶೇಖರನ ಪರವಾಗಿ ಗಂಟಲು ಹರಿಯುವಷ್ಟು ಚೌಕಾಸಿ ಮಾಡಿದರು. ವ್ಯಾಪಾರ ಕುದುರಿದ ಮೇಲೆ ವಿಠಲ ಹೊಸ ಗಾಡಿಯೊಳಗೆ ಇಣುಕಿದ.

"ಉಳಿದ ಸೀಟು ಎಲ್ಲಿ ಶೇಖರಣ್ಣ?"

"ಎಂತ ಮಾಡುವುದು ವಿಠಲ, ಇದಕ್ಕೆ ಇರುವುದೇ ಎರಡು," ಎಂದು ಶೇಖರ ಆದಷ್ಟು ಬೇಸರದ ಮುಖ ಮಾಡಿದ.

ಝೀಟಾ ಹಳೆ ಗಾಡಿಯ ಬಾನೆಟ್ ಸವರಿ ಕಣ್ಣೊರೆಸಿಕೊಂಡಳು. "ಪರವಾಗಿಲ್ಲ, ನಾವು ಬಸ್ಸಲ್ಲಿ ಬರ್ತೇವೆ," ಎಂದ ಬೆಂಜಮಿನ್. ಗುಣವತಿ ಸಂಭ್ರಮ ತಡೆಯಲಾರದೆ, "ನಾವು ಸೀದ ಕಾಪುವಿಗೆ!" ಎಂದು ಝೀಟಾಳ ಕಿವಿಯಲ್ಲಿ ಹೇಳಿದಳು. ಶೇಖರನಿಗೆ ಪಾಪ ಅನ್ನಿಸಿತು. ಉಡುಪಿ ದಾಟುವಾಗ ಅದೂ ಹೋಯಿತು.

ಕಾಪುವಿನಲ್ಲಿ ಸೂರ್ಯ ಮುಳುಗುತ್ತಿದ್ದ. ಗುಣವತಿ ಒಲೆ ಹಚ್ಚಿ ಚಹಾ ಮಾಡಿದಳು. ಶೇಖರ ಅವಳ ಕೈ ಹಿಡಿದ. ಅವಳು ಮದುಮಗಳ ಹಾಗೆ ನಾಚಿದಳು. ಅಷ್ಟರಲ್ಲಿ ಹಿಂದಿನಿಂದ ನೆಗಡಿಯಾದ ಆಡು ಕೂಗಿದಂತೆ ಒಂದು ಹಾರ್ನ್ ಕೇಳಿಸಿತು. ಆ ಹಾರ್ನ್ ಅವನಿಗೆ ಗೊತ್ತಿಲ್ಲದ್ದೇ?

"ಶೇಖರಣ್ಣ! ನಿಮ್ಮ ಬಿಪಿ ಮಾತ್ರೆ ಹಳೆ ಗಾಡಿಯಲ್ಲೇ ಬಿಟ್ಟಿದ್ದೀರಿ!" ವಿಠಲ ಕಿಟಕಿಯಿಂದ ಮಾತ್ರೆ ಬೀಸುತ್ತಿದ್ದ. ಡ್ರೈವರ್ ಸೀಟಿನಿಂದ ಬೆವರಿಳಿಸುತ್ತ ಬೆಂಜಮಿನ್ ಇಳಿದ.

"ಬ್ರೋಕರ್ ಇದನ್ನು ಗುಜರಿಗೆ ಹಾಕ್ತೇನೆ ಅಂದ. ಹೊಟ್ಟೆ ಉರಿಯಿತು ಮಾರಾಯ್ರೆ. ನಾವೇ ಸೇರಿ ತಗೊಂಡೆವು! ಆದರೆ ಮಣಿಪಾಲದಿಂದ ಇಲ್ಲಿವರೆಗೆ ಎರಡನೇ ಗೇರಲ್ಲೇ ಬಂದದ್ದು. ಮೂರನೆಯದು ನಿಮ್ಮ ಕೈಗೆ ಮಾತ್ರ ಅಲ್ವಾ? ಕತ್ತಲಾಗುವ ಮೊದಲು ನಮ್ಮನ್ನೊಮ್ಮೆ ಮನೆಗೆ ಮುಟ್ಟಿಸಿ."

"ಹೊಸ ಗಾಡಿ?" ಶೇಖರ ಹೊಸ ಗಾಡಿಯ ಬಾಗಿಲು ಹಿಡಿದುಕೊಂಡ.

"ಅದು ಆಟೋಮ್ಯಾಟಿಕ್, ಗೇರೇ ಇಲ್ಲವಲ್ಲ, ಕುವೈತಲ್ಲಿ ನಾನು ಓಡಿಸಿದ್ದೆಲ್ಲ ಅಂಥದ್ದೇ," ಎಂದು ಝೀಟಾ ಕೀಲಿಕೈ ತೆಗೆದುಕೊಂಡಳು. "ಬನ್ನಿ ಗುಣವತಿಯಕ್ಕ, ಎರಡೇ ಸೀಟು. ಎಷ್ಟು ಆರಾಮ!"

ಗುಣವತಿ ಗಂಡನನ್ನು ಒಮ್ಮೆ ನೋಡಿದಳು, ತಣ್ಣಗಾದ ಚಹಾ ಮರಳಿಗೆ ಚೆಲ್ಲಿದಳು, ಹೋಗಿ ಝೀಟಾಳ ಪಕ್ಕ ಕುಳಿತಳು.

ಶೇಖರ ಹಳೆ ಗಾಡಿ ಹತ್ತಿದ. ಮೂರನೇ ಗೇರು ಬೆಣ್ಣೆಯ ಹಾಗೆ ಬಿತ್ತು. ಹಿಂದಿನಿಂದ ವಿಠಲ ಅವನ ಹೆಗಲು ತಟ್ಟಿದ.

"ಶೇಖರಣ್ಣ, ಬರುವ ವಾರ ಭಾವನ ಹೊಲಿಗೆ ತೆಗೆಯುವುದು. ನಮ್ಮದೇ ಗಾಡಿ ಉಂಟು, ನಿಮಗೇನೂ ತೊಂದರೆ ಇಲ್ಲ. ನೀವು ಬಂದು ಓಡಿಸಿದರೆ ಆಯಿತು!"